ಹಾಡಿಗೆ ಮುಂಚಿನ ಮಾತು

(ಪುಣೆಯ ಕನ್ನಡ ಯುವಜನರ ರಂಗಗೀತೆ ಸ್ಪರ್ಧೆಗೆ ಮುನ್ನ ನಡೆದ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)

ಮಾನ್ಯ ಅಧ್ಯಕ್ಷರೆ, ಸಂಘದ ಹಿರಿಯರೆ, ಸ್ಪರ್ಧೆಗೆ ಹೆಸರು ಕೊಟ್ಟಿರುವ ಹುಡುಗ ಹುಡುಗಿಯರೆ, ಅವರನ್ನು ಪಿಂಪ್ರಿ, ಕಾತ್ರಜ್, ಕೋಥರೂಡ್‌ಗಳಿಂದ ಭಾನುವಾರದ ನಿದ್ದೆ ಬಿಟ್ಟು ಇಲ್ಲಿಗೆ ಕರೆತಂದಿರುವ ತಾಯಿ ತಂದೆಯರೆ,

ರಂಗಗೀತೆಯನ್ನು ಹಾಡುವುದು ಹೇಗೆ ಎಂಬುದರ ಬಗ್ಗೆ ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ನಾನು ಹಾಡಿಗೆ ಒಂದು ಗಳಿಗೆ ಮೊದಲಿನಿಂದ ಆರಂಭಿಸುತ್ತೇನೆ. ರಂಗದ ಮೇಲೆ ಯಾವ ಹಾಡೂ ತಾನಾಗಿ ಹುಟ್ಟುವುದಿಲ್ಲ. ಅದಕ್ಕೆ ಮುಂಚೆ ಒಂದು ಮಾತಿರುತ್ತದೆ, ಆ ಮಾತಿಗೆ ಇನ್ನು ಮುಂದೆ ಹೋಗಲಾಗದೆ ನಿಂತಾಗ ಹಾಡು ಬರುತ್ತದೆ. ಹಲವು ವರ್ಷಗಳಿಂದ ಈ ಊರಿನ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕುಳಿತಿರುವ ನನಗೆ ಅನ್ನಿಸಿರುವುದೇನೆಂದರೆ, ನಾವು ಮಕ್ಕಳಿಂದ ಹಾಡನ್ನು ಮಾತ್ರ ಕೇಳುತ್ತೇವೆ, ಆ ಮಾತನ್ನು ಕೇಳುವುದಿಲ್ಲ. ಹಾಗಾಗಿ ಅವರಿಗೆ ಅರ್ಧ ವಿದ್ಯೆಯನ್ನೇ ಕಲಿಸಿ ಬಹುಮಾನ ಕೊಟ್ಟು ಕಳಿಸುತ್ತಿದ್ದೇವೆ.

ಪುಣೆಯಲ್ಲಿ ನಿಂತು ಈ ಮಾತು ಹೇಳುವುದಕ್ಕೆ ವಿಶೇಷ ಕಾರಣವಿದೆ. ಇದೇ ಊರಿನ ಬುಧವಾರ ಪೇಠೆಯ ಆನಂದೋದ್ಭವ ನಾಟಕಗೃಹದಲ್ಲಿ 1880ರ ಅಕ್ಟೋಬರ್ 31ರಂದು ಅಣ್ಣಾಸಾಹೇಬ ಕಿರ್ಲೋಸ್ಕರರ ಸಂಗೀತ ಶಾಕುಂತಲ ಮೊದಲ ಬಾರಿಗೆ ರಂಗಕ್ಕೆ ಬಂತು. ಮರಾಠಿ ಸಂಗೀತ ನಾಟಕದ ಹುಟ್ಟಿದ ದಿನವೆಂದು ಈ ಊರಿನವರು ನೆನೆಯುವುದು ಅದನ್ನೇ. ಆ ದಿನ ಆಡಿದ್ದು ಮೊದಲ ನಾಲ್ಕು ಅಂಕಗಳನ್ನು ಮಾತ್ರ. ಕಿರ್ಲೋಸ್ಕರರು ಹುಟ್ಟಿದ್ದು 1843ರಲ್ಲಿ, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಅವರ ಸುತ್ತ ಕನ್ನಡವೂ ಇತ್ತು, ಮರಾಠಿಯೂ ಇತ್ತು. ಅವರು ಪದಗಳಿಗೆ, ಅಂದರೆ ನಾಟಕದ ಹಾಡುಗಳಿಗೆ, ಆರಿಸಿಕೊಂಡ ಧಾಟಿಗಳಲ್ಲಿ ಮರಾಠಿಯ ಓವಿ, ಸಾಕಿ, ದಿಂಡಿ, ಲಾವಣಿಗಳ ಜೊತೆಗೆ ಕನ್ನಡದ ಹಾಡುಗಳ ಧಾಟಿಯೂ ಸೇರಿಕೊಂಡಿದೆ. ಅವರು ಹುಟ್ಟಿದ ವರ್ಷವೇ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಸೀತಾ ಸ್ವಯಂವರವನ್ನು ಆಡಿಸಿದ್ದರು, ಆ ಪ್ರಯೋಗಕ್ಕೆ ಪ್ರೇರಣೆಯಾದದ್ದು ಹಿಂದಿನ ವರ್ಷ ಸಾಂಗಲಿಗೆ ಹೋಗಿದ್ದ ಕನ್ನಡ ನಾಡಿನ ಭಾಗವತರ ಮೇಳ. ಶಾಕುಂತಲವನ್ನೇ ತೆಗೆದುಕೊಂಡರೆ, ಕಿರ್ಲೋಸ್ಕರರಿಗಿಂತ ಮೊದಲೇ ಚುರಮುರಿ ಶೇಷಗಿರಿರಾಯರು ಅದನ್ನು ಕನ್ನಡಕ್ಕೆ ತಂದಿದ್ದರು. ಇದನ್ನು ಯಾರಿಗೆ ಯಾರು ಸಾಲಗಾರರು ಎಂದು ಲೆಕ್ಕ ತೆಗೆಯುವುದಕ್ಕೆ ಹೇಳುತ್ತಿಲ್ಲ. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡುತ್ತ ಬೆಳೆದ ನೀವು ಈ ಎರಡು ರಂಗಭೂಮಿಗಳಲ್ಲಿ ಯಾವುದಕ್ಕೂ ಹೊರಗಿನವರಲ್ಲ ಎಂಬುದು ನಿಮಗೆ ತಿಳಿದಿರಲಿ ಎಂದು ಹೇಳಿದೆ.

ಈಗ ಆ ನಾಲ್ಕನೆಯ ಅಂಕಕ್ಕೆ ಬರುತ್ತೇನೆ. ಶಕುಂತಲೆ ಆಶ್ರಮವನ್ನು ಬಿಟ್ಟು ಗಂಡನ ಮನೆಗೆ ಹೊರಟಿದ್ದಾಳೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಯಾರೋ ಹಿಂದಿನಿಂದ ಬಟ್ಟೆ ಹಿಡಿದು ಎಳೆದಂತಾಗುತ್ತದೆ. ‘ಯಾರಿದು, ನನ್ನ ಸೆರಗು ಹಿಡಿದವರು?’ ಎಂದು ತಿರುಗಿ ನೋಡುತ್ತಾಳೆ. ಅವಳು ಕೈತುತ್ತು ಕೊಟ್ಟು ಸಾಕಿದ ಜಿಂಕೆಯ ಮರಿ. ಕಾಳಿದಾಸ ಬರೆದ ಈ ಗಳಿಗೆಯನ್ನು ಯಾವ ಭಾಷೆಯ ಕಂಪನಿಯೂ ಬಿಟ್ಟುಕೊಟ್ಟಿಲ್ಲ, ಬಹುತೇಕ ಎಲ್ಲರೂ ಅಲ್ಲಿ ಒಂದು ಪದವನ್ನು ಇಟ್ಟಿದ್ದಾರೆ.

ಹಿಂದಿನ ವರ್ಷದ ಅಭ್ಯಾಸದಲ್ಲಿ ಒಬ್ಬ ಹುಡುಗಿ ಹಳೆಯ ಕನ್ನಡ ಶಾಕುಂತಲವೊಂದರಿಂದ ಇದೇ ಸಂದರ್ಭದ ಪದವನ್ನು ಹಾಡಿದಳು. ವಿಜಯಪುರದ ಕಡೆಯಿಂದ ಬಂದು ಪಿಂಪ್ರಿಯಲ್ಲಿ ನೆಲೆಸಿದ ಮನೆಯ ಹುಡುಗಿ, ವಯಸ್ಸು ಹದಿನಾರು, ಒಳ್ಳೆಯ ಗುರುಗಳಲ್ಲಿ ಪಾಠ ಆಗಿದೆ. ಶ್ರುತಿ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಕಣ್ಣು ಮುಚ್ಚಿಕೊಂಡು, ಬಲಗೈಯನ್ನು ಮೇಲೆತ್ತಿ, ಪಲ್ಲವಿಯ ಮೇಲೆ ಮೂರು ತಾನ, ಅಂದರೆ ಸ್ವರಗಳ ವೇಗದ ಓಟ, ಹೊಡೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಗಿದ ಮೇಲೆ ನಾನು ಕೇಳಿದೆ: ‘ಈ ಪದಾನ ಯಾರ ಮುಂದ ಹಾಡ್ತೀದಿ ತಂಗಿ?’ ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಜನರ ಮುಂದ, ಕಾಕಾ’ ಎಂದಳು. ಅವಳಿಗೆ ಜಿಂಕೆಯ ವಿಷಯ ಯಾರೂ ಹೇಳಿರಲಿಲ್ಲ. ಹಾಡು ಅವಳಿಗೆ ಮೊಬೈಲಿನ ಧ್ವನಿಮುದ್ರಣದಿಂದ ಬಂದಿತ್ತು, ಧ್ವನಿಮುದ್ರಣ ಶುರುವಾಗುವುದೇ ಪೇಟಿಯ, ಅಂದರೆ ಹಾರ್ಮೋನಿಯಂನ, ಸ್ವರದಿಂದ. ಅದಕ್ಕೆ ಮುಂಚಿನ ಮಾತು ಕತ್ತರಿಸಿ ಹೋಗಿತ್ತು.

ನಾನು ಅವಳಿಗೆ ಕಥೆ ಹೇಳಿ, ಆ ಒಂದು ಸಾಲನ್ನು ಆಡಿ ತಿರುಗಿ ನೋಡಿ ಆಮೇಲೆ ಹಾಡು ಎಂದೆ. ಅವಳು ತಿರುಗಿದಳು, ಜಿಂಕೆಯ ಮರಿ ಇರುವುದು ಮೊಣಕಾಲಿನ ಎತ್ತರಕ್ಕೆ, ಆದ್ದರಿಂದ ಕಣ್ಣು ತಾನಾಗಿ ಕೆಳಗೆ ಹೋಯಿತು. ಮೇಲೆತ್ತಿದ್ದ ಕೈ ಕೆಳಗಿಳಿಯಿತು. ದನಿ ಅರ್ಧಕ್ಕಿಂತ ಸಣ್ಣದಾಯಿತು. ಮೂರು ತಾನಗಳಲ್ಲಿ ಎರಡನ್ನು ಅವಳೇ ಬಿಟ್ಟಳು, ಯಾರೂ ಬಿಡು ಎಂದು ಹೇಳಿರಲಿಲ್ಲ. ಜಿಂಕೆಯ ಮರಿಯೊಡನೆ ಮಾತಾಡುವವರು ಅಷ್ಟು ತಾನ ಹೊಡೆಯುವುದಿಲ್ಲ ಎಂಬುದು ಆ ಒಂದು ಸಾಲಿನಿಂದಲೇ ಅವಳಿಗೆ ತಿಳಿದುಹೋಯಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅವಳ ತಾಯಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ತಾನ ಬೇಡವೆಂದು ನಾನು ಹೇಳುತ್ತಿರುವೆನೆಂದು ದಯವಿಟ್ಟು ತಿಳಿಯಬಾರದು. ರಂಗಸಂಗೀತ ಒಂದೇ ಬಗೆಯದಲ್ಲ. ಕಿರ್ಲೋಸ್ಕರರ ಶಾಕುಂತಲದಲ್ಲಿ ಪದಗಳು ನೂರನ್ನೂ ಮೀರುತ್ತವೆ. ಅಷ್ಟು ಪದಗಳಿರುವ ನಾಟಕದಲ್ಲಿ ಪ್ರತಿಯೊಂದೂ ಚಿಕ್ಕದಾಗಿರಲೇಬೇಕು, ಮಾತಿನ ಜಾಗದಲ್ಲಿ ನಿಂತು ಕಥೆಯನ್ನು ಮುಂದೂಡಬೇಕು. 1911ರಲ್ಲಿ ಖಾಡಿಲಕರರ ಮಾನಾಪಮಾನ ನಾಟಕಕ್ಕೆ ಗೋವಿಂದರಾವ ಟೆಂಬೆಯವರು ಉತ್ತರದ ಠುಮ್ರಿ, ಕಜರಿ ಎಂಬ ಲಘು ಹಾಡುಗಳ ಬಣ್ಣವನ್ನು ತಂದರು. 1916ರ ಸ್ವಯಂವರ ನಾಟಕಕ್ಕೆ ಭಾಸ್ಕರಬುವಾ ಬಖಲೆಯವರು ಹಿಂದೂಸ್ತಾನಿ ಖಯಾಲಿನ ಬಂದಿಶುಗಳನ್ನೇ, ಅಂದರೆ ರಾಗದಲ್ಲಿ ಕಟ್ಟಿದ ರಚನೆಗಳನ್ನೇ, ಅಚ್ಚಾಗಿಟ್ಟುಕೊಂಡು ಪದಗಳನ್ನು ಕೂಡಿಸಿದರು. ಸ್ತ್ರೀಪಾತ್ರಗಳಿಗೆ ಹೆಸರಾದ ನಟ ಬಾಲಗಂಧರ್ವರು ಅವನ್ನು ಹಾಡುವಾಗ ಜನ ಒನ್ಸ್‌ಮೋರ್ ಕೂಗಿ ಮತ್ತೆ ಮತ್ತೆ ಹಾಡಿಸಿದರು, ನಾಟಕ ಬೆಳಗಿನವರೆಗೆ ನಡೆಯಿತು. ಅಲ್ಲಿ ರಾಗದ ವಿಸ್ತಾರ ನಾಟಕದ ಕಟ್ಟಡದಲ್ಲಿಯೇ ಇದೆ. ಆಮೇಲೆ 1964ರ ಮತ್ಸ್ಯಗಂಧಾದಲ್ಲಿ ಜಿತೇಂದ್ರ ಅಭಿಷೇಕಿಯವರು ಮತ್ತೆ ಪದವನ್ನು ಚಿಕ್ಕದಾಗಿ, ಬಿಗಿಯಾಗಿ ಕಟ್ಟಿದರು. ನಮ್ಮ ಕನ್ನಡದಲ್ಲಿ ಗುಬ್ಬಿ ಕಂಪನಿಯ ಕಾಲದ ಕಂದ, ವೃತ್ತಗಳು ಒಂದು ಬಗೆ. ತಾಳವಿಲ್ಲದೆ, ಪದ್ಯದ ನಡಿಗೆಯನ್ನೇ ಹಿಡಿದು ಹಾಡಬೇಕಾದವು ಅವು. ಏಣಗಿ ಬಾಳಪ್ಪನವರಂಥ ಉತ್ತರ ಕರ್ನಾಟಕದ ನಟರು ಹಾಡಿದ್ದು ಇನ್ನೊಂದು ಬಗೆ. ಬಿ. ವಿ. ಕಾರಂತರ ರಂಗಗೀತೆಗಳು ಪೂರ್ತಿ ಬೇರೆಯವು. ಅವುಗಳಲ್ಲಿ ಹೆಚ್ಚಿನವು ಮೇಳಕ್ಕಾಗಿ ಹುಟ್ಟಿದವು, ಹತ್ತು ಜನ ಕುಣಿಯುತ್ತ ಹಾಡಬೇಕಾದವು. ಅವನ್ನು ಒಬ್ಬ ಹುಡುಗನನ್ನು ಮೈಕಿನ ಮುಂದೆ ನಿಲ್ಲಿಸಿ ಹಾಡಿಸಿ, ‘ಇದರಲ್ಲಿ ರಾಗವಿಸ್ತಾರ ಸಾಲದು’ ಎಂದು ಅಂಕ ಕಡಿಮೆ ಮಾಡುವುದು ಅನ್ಯಾಯ. ಮುಂದಿನ ವರ್ಷದಿಂದ ಅವಕ್ಕೆ ಗುಂಪು ವಿಭಾಗವೊಂದನ್ನು ಇಡಬೇಕೆಂದು ಸಂಘದವರಲ್ಲಿ ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.

ಇಷ್ಟು ಬಗೆಗಳನ್ನು ಒಂದೇ ಅಂಕಪಟ್ಟಿಯಿಂದ ಅಳೆಯುತ್ತಿದ್ದೇವೆ. ಆ ಪಟ್ಟಿಯಲ್ಲಿ ಸ್ವರ, ಲಯ, ತಯಾರಿ, ವೇಷ ಎಂಬ ನಾಲ್ಕು ಕಲಂಗಳಿವೆ. ನುಡಿಗೆ ಕಲಮೇ ಇಲ್ಲ. ವೇಷಕ್ಕೆ ಅಂಕವಿದ್ದು ನುಡಿಗೆ ಇಲ್ಲದಿರುವುದು ನನಗೆ ಪ್ರತಿ ವರ್ಷವೂ ನೋವು ಕೊಡುವ ಸಂಗತಿ.

ನುಡಿಯ ವಿಷಯದಲ್ಲಿ ಪುಣೆಯ ಮಕ್ಕಳ ಕಷ್ಟ ನನಗೆ ಚೆನ್ನಾಗಿ ಗೊತ್ತಿದೆ. ನಿಮ್ಮಲ್ಲಿ ಅನೇಕರಿಗೆ ಕನ್ನಡ ಆಡಲು ಬರುತ್ತದೆ, ಓದಲು ಬರುವುದಿಲ್ಲ. ಹಾಡನ್ನು ದೇವನಾಗರಿಯಲ್ಲಿ ಬರೆದುಕೊಂಡು ಬರುತ್ತೀರಿ. ಳಕಾರ, ಣಕಾರಗಳ ಭಯ ನಿಮಗಿಲ್ಲ, ಮರಾಠಿಯೇ ಅವನ್ನು ನಿಮ್ಮ ನಾಲಿಗೆಯ ಮೇಲೆ ಕೂರಿಸಿದೆ. ತೊಂದರೆ ಇರುವುದು ಎ, ಒ ಎಂಬ ಎರಡು ಹ್ರಸ್ವಗಳಲ್ಲಿ. ಮರಾಠಿ ಬರೆಯುವ ದೇವನಾಗರಿಯಲ್ಲಿ ಇವಕ್ಕೂ ಏ, ಓಗಳಿಗೂ ಒಂದೇ ಗುರುತು. ಉಂಗುರವನ್ನು ‘ಕೊಡು’ ಎಂದು ನಾಯಿಕೆ ಬೇಡಿಕೊಳ್ಳುವ ಕಡೆ ಕಾಗದದಲ್ಲಿ ಬರೆದದ್ದನ್ನು ನೋಡಿ ‘ಕೋಡು’ ಎಂದು ಹಾಡಿದರೆ ಕೇಳುವವನ ಕಣ್ಣ ಮುಂದೆ ಎತ್ತಿನ ತಲೆ ಬರುತ್ತದೆ. ‘ಬೆಳೆ’ ಎಂಬುದು ‘ಬೇಳೆ’ಯಾಗುತ್ತದೆ, ‘ಎದೆ’ ಎಂಬುದು ಅರ್ಥವಿಲ್ಲದ ‘ಏದೆ’ಯಾಗುತ್ತದೆ. ಎಂಟು ಮಾತ್ರೆ ಎಳೆಯುವ ಹಾಡಿನಲ್ಲಿ ಹ್ರಸ್ವವೇನು ದೀರ್ಘವೇನು ಎಂದು ಕೇಳಬಹುದು. ನನ್ನ ಉತ್ತರ ಇಷ್ಟೆ: ಹ್ರಸ್ವಾಕ್ಷರವನ್ನು ಮುಟ್ಟಿ ಮುಂದೆ ಹೋಗಿರಿ, ಎಳೆಯುವುದನ್ನು ದೀರ್ಘದ ಮೇಲೆ ಇಟ್ಟುಕೊಳ್ಳಿರಿ, ತಾನವನ್ನು ‘ಆ’ಕಾರ ಸಿಗುವ ಕಡೆ ಹೂಡಿರಿ. ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಬಾಲ್ಯದಲ್ಲಿ ವಾಮನರಾವ ಮಾಸ್ತರರ ನಾಟಕ ಕಂಪನಿಯಲ್ಲಿದ್ದವರು. ಮನ್ಸೂರರು ವಚನ ಹಾಡುವಾಗ, ಎಷ್ಟು ಕಠಿಣ ರಾಗವಿದ್ದರೂ ಬಸವಣ್ಣನವರ ಒಂದು ಅಕ್ಷರವೂ ಮಸುಕಾಗದಿರುವುದಕ್ಕೆ ಆ ಕಂಪನಿಯ ಪಾಠದ ಪಾಲೂ ಇದೆ ಎಂದೇ ನಾನು ನಂಬಿದ್ದೇನೆ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಕನ್ನಡ ಮನೆಮಾತಿನವರಾಗಿದ್ದೂ ಮರಾಠಿ ಸೌಭದ್ರ ನಾಟಕದ ಸುಭದ್ರೆಯಾಗಿ ಮಹಾರಾಷ್ಟ್ರದ ಜನರನ್ನು ಗೆದ್ದರು. ಬೇರೆ ನುಡಿಯನ್ನು ಅವರು ಹಾಗೆ ಒಲಿಸಿಕೊಳ್ಳಬಲ್ಲವರಾದರೆ, ನಿಮ್ಮದೇ ನುಡಿಯನ್ನು ನೀವು ಒಲಿಸಿಕೊಳ್ಳಬಹುದು.

ಶ್ರುತಿಯ ಬಗ್ಗೆಯೂ ಒಂದು ಮಾತು ಹೇಳದೆ ಇರಲಾರೆ, ಏಕೆಂದರೆ ಇದು ನಿಮ್ಮ ಗಂಟಲಿನ ಪ್ರಶ್ನೆ. ಕಂಪನಿ ನಾಟಕದ ಹಳೆಯ ಗಾಯಕರು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು. ಮೈಕು ಇಲ್ಲದ ಕಾಲ. ಸಾವಿರ ಜನರ ತಟ್ಟಿ ಥಿಯೇಟರಿನಲ್ಲಿ ಕಡೆಯ ಸಾಲಿನ ನಾಲ್ಕಾಣೆಯವನಿಗೂ ಪದ ಮುಟ್ಟಬೇಕಿತ್ತು. ಆ ಎತ್ತರವೇ ರಂಗಗೀತೆಯ ಲಕ್ಷಣ ಎಂದು ಇಂದಿಗೂ ಕೆಲವು ಗುರುಗಳು ಹದಿಮೂರು, ಹದಿನಾಲ್ಕರ ಹುಡುಗರಿಗೆ ಕಪ್ಪು ನಾಲ್ಕರಲ್ಲಿ, ಅಂದರೆ ಪೇಟಿಯ ನಾಲ್ಕನೆಯ ಕಪ್ಪು ಮನೆಯನ್ನು ಷಡ್ಜವಾಗಿಟ್ಟುಕೊಂಡು, ಪಾಠ ಮಾಡುತ್ತಾರೆ. ಅದು ದನಿ ಒಡೆಯುವ ವಯಸ್ಸು. ಈ ಊರಿನದೇ ಒಂದು ಸ್ಪರ್ಧೆಯಲ್ಲಿ, ಹೆಸರು ಬೇಡ, ಪೇಟಿಯನ್ನು ಎಲ್ಲರಿಗೂ ಒಂದೇ ಶ್ರುತಿಗೆ ಕಟ್ಟಿಟ್ಟಿದ್ದರು. ಒಬ್ಬ ಹುಡುಗ ತಾರಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ, ಹೋಗಿ ದನಿ ಸೀಳಿ ಅರ್ಧಕ್ಕೆ ನಿಂತ. ತೀರ್ಪುಗಾರನಾಗಿ ಕುಳಿತಿದ್ದ ನಾನು ಆ ಹೊತ್ತಿನಲ್ಲಿ ಎದ್ದು, ಶ್ರುತಿ ಇಳಿಸಿ ಮತ್ತೆ ಹಾಡಿಸಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಆ ಹುಡುಗ ಆಮೇಲೆ ಯಾವ ಸ್ಪರ್ಧೆಗೂ ಬರಲಿಲ್ಲ. ಆದ್ದರಿಂದ ಕೇಳಿರಿ: ದನಿ ಒಡೆಯುತ್ತಿರುವ ಹುಡುಗರು ಬಿಳಿ ಒಂದಕ್ಕೋ ಅದಕ್ಕೂ ಕೆಳಗೋ ಇಳಿದು ಹಾಡಿರಿ, ಬೇಕಾದರೆ ಒಂದು ವರ್ಷ ಹಾಡನ್ನು ಬಿಟ್ಟು ಸಂಭಾಷಣೆಯ ಅಭ್ಯಾಸವನ್ನೇ ಮಾಡಿರಿ. ಆ ವರ್ಷ ವ್ಯರ್ಥವಾಗುವುದಿಲ್ಲ.

ಸ್ಪರ್ಧೆಯೇ ಬೇಡ ಎನ್ನುವ ಹಿರಿಯರಿದ್ದಾರೆ. ಅವರ ಮಾತನ್ನು ಗೌರವದಿಂದ ಕೇಳಿದ್ದೇನೆ, ಒಪ್ಪಲಾರೆ. 1908ರಲ್ಲಿ ಕೇಶವರಾವ ಭೋಸಲೆಯವರು ಹುಬ್ಬಳ್ಳಿಯಲ್ಲಿ ಲಲಿತಕಲಾದರ್ಶ ನಾಟಕ ಕಂಪನಿಯನ್ನು ಕಟ್ಟಿದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ಕಾಲದಲ್ಲಿ ಹಾಡುವ ಹುಡುಗನಿಗೆ ಕಂಪನಿ ಇತ್ತು. ಅಲ್ಲೇ ಊಟ, ಅಲ್ಲೇ ಪಾಠ, ದಿನಕ್ಕೊಂದು ನಾಟಕ, ಪರದೆಯ ಸಂದಿಯಿಂದ ದೊಡ್ಡವರನ್ನು ನೋಡಿ ಕಲಿಯುವ ಅವಕಾಶ. ಅಂಥ ಕಂಪನಿಯ ಬದುಕು ನಿಮಗೆ ಸಿಗುವುದಿಲ್ಲ. ವರ್ಷಕ್ಕೊಮ್ಮೆ ಬರುವ ಈ ಐದು ನಿಮಿಷಗಳ ಸರದಿಯೇ ನಿಮ್ಮ ರಂಗ. ಅದಕ್ಕಾಗಿಯೇ ಆ ಐದು ನಿಮಿಷ ರಂಗವಾಗಿರಬೇಕು, ಕಛೇರಿಯ ತುಣುಕಾಗಬಾರದು ಎಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈ ವರ್ಷ ಸಂಘದವರು ನನ್ನ ಒಂದು ಕೋರಿಕೆಯನ್ನು ಒಪ್ಪಿಕೊಂಡಿದ್ದಾರೆ, ಅದಕ್ಕೆ ನಾನು ಕೃತಜ್ಞ. ಪ್ರತಿಯೊಬ್ಬ ಸ್ಪರ್ಧಿಯೂ ಹಾಡಿಗೆ ಮುಂಚೆ ನಾಟಕದ ಒಂದು ಮಾತನ್ನಾದರೂ ಆಡಬೇಕು, ಅದಕ್ಕೆ ಅಂಕ ಉಂಟು. ನಾಟಕದ ಪ್ರತಿ ಸಿಗದವರು ಮಧ್ಯಾಹ್ನ ನನ್ನ ಬಳಿ ಬನ್ನಿರಿ, ಹಾಡಿನ ಸಂದರ್ಭವನ್ನು ಹುಡುಕಿ ಮಾತನ್ನು ಬರೆದುಕೊಳ್ಳೋಣ. ಪಿಂಪ್ರಿಯ ಆ ಹುಡುಗಿಯೂ ಇಲ್ಲಿ ಕುಳಿತಿದ್ದಾಳೆ; ಅವಳ ಕೈಯಲ್ಲಿರುವ ಹಾಳೆಯನ್ನು ಈ ಬಾರಿ ಅವಳ ತಾಯಿ ಕನ್ನಡ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದಾರೆ, ಹ್ರಸ್ವದ ಎ, ಒಗಳಿಗೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ. ಬೇಕಾದವರು ನೋಡಿಕೊಳ್ಳಬಹುದು. ಹಳೆಯ ಕಂಪನಿಗಳಲ್ಲಿ ಪೇಟಿ ಮಾಸ್ತರರು ನಟನ ಮಾತಿನ ಕಡೆಯ ಪದದ ಕೆಳಗೆ ಮೆಲ್ಲಗೆ ಸ್ವರ ಹಿಡಿಯುತ್ತಿದ್ದರು, ಮಾತು ಜಾರಿ ಹಾಡಿನೊಳಗೆ ಇಳಿಯುತ್ತಿತ್ತು. ಎರಡು ಗಂಟೆಗೆ ಅಭ್ಯಾಸ ಶುರುವಾದಾಗ ಇಲ್ಲಿಯ ಪೇಟಿ ಮಾಸ್ತರರೂ ಹಾಗೆಯೇ ಮಾಡುತ್ತಾರೆ. ನಿಮ್ಮ ಮಾತು ಕಡೆಯ ಪದಕ್ಕೆ ಬರುವ ತನಕ ಅವರು ಷಡ್ಜ ಕೊಡುವುದಿಲ್ಲ.