ಹದಿನೆಂಟು ಗುಂಟೆ

ಎಲ್ಲಾರಿಗೂ ನಮಸ್ಕಾರ್ರಿ. ನಿಮಗ ಕಲಿಸಿದ ಮಾಸ್ತರ ಬಗ್ಗೆ ಮಾತಾಡ್ರಿ ಅಂದಾಗ ನನಗ ಮೊದ್ಲು ನೆನಪಾಗಿದ್ದು ಒಂದು ಹಗ್ಗರಿ, ಬಾವಿ ಸೇದೂ ಹಗ್ಗ, ಅದಕ್ಕ ಅಡಿಗೊಂದು ಗಂಟು ಹಾಕಿ 33 ಅಡಿ ಮಾಡಿ ಹೆಗಲ ಮ್ಯಾಲ ಹಾಕ್ಕೊಂಡು ಬರ್ತಿದ್ರು ನಮ್ಮ ಗಣಿತದ ಮಾಸ್ತರು.

ನಮ್ಮೂರು ಬಾಗಲಕೋಟಿ ಹತ್ರ, ಘಟಪ್ರಭಾ ದಂಡಿಗೆ. ಈಗ ಆಲಮಟ್ಟಿ ಹಿನ್ನೀರಾಗ ಐತಿ. 1964ರಾಗ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಡ್ಯಾಮು, ನಾ ಆರನೇತ್ತಕ್ಕ ಬರೂದ್ರಾಗ ಊರ ತುಂಬ ಅದರದ ಮಾತು, ಮುಳುಗಡಿ, ಪರಿಹಾರ, ಪ್ಲಾಟು. ಮಾಸ್ತರು ಪುಸ್ತಕ ಮುಚ್ಚಿಸಿ ಶಾಲಿ ಹಿಂದಿನ ಹೊಲಕ್ಕ ಕರ್ಕೊಂಡು ಹೋದ್ರು. ನಾಕು ಮೂಲಿಗೆ ನಾಕು ಹುಡುಗ್ರು, 33 ಅಡಿ ಉದ್ದ, 33 ಅಡಿ ಅಗಲ, 1089 ಚದರಡಿ, ಇದ ಒಂದು ಗುಂಟೆ, ಇಂಥವು 40 ಆದ್ರ ಎಕರೆ, ಕಣ್ಣಾಗ ತುಂಬ್ಕೋರಿ ಅಂದ್ರು. ನಾನೋ ಲೆಕ್ಕದಾಗ ಶುದ್ಧ ದಡ್ಡಿ, ಆದ್ರ ಬಿಸಲಾಗ ಹಗ್ಗ ಹಿಡಿದು ನಿಂತಿದ್ದು ಹೆಂಗ ಮರೀಬೇಕು ಹೇಳ್ರಿ.

ಮುಂದ ನಮ್ಮ ಅಜ್ಜಗ ಮುಳುಗಡಿ ಹೊಲದ ನೋಟಿಸು ಬಂತು. ಅಜ್ಜ ಹೆಬ್ಬಟ್ಟು ಒತ್ತಾಕ ರೆಡಿ, ನಾ ಸುಮ್ನ ಓದಿದೆ, 2 ಎಕರೆ 13 ಗುಂಟೆ ಅಂತ ಇತ್ತು, ಉತಾರ, ಅಂದ್ರ ಹೊಲದ ಪಹಣಿ, ತಗದು ನೋಡಿದ್ರ 2 ಎಕರೆ 31 ಗುಂಟೆ. ಅಂಕಿ ಅದಲಿಬದಲಿ ಆಗಿ 18 ಗುಂಟೆ ಮಾಯ. "ಸರಕಾರದ ಕಾಗದ ತಪ್ಪಿರತೈತೇನ ಅವ್ವಿ?" ಅಂದ ಅಜ್ಜ. ನಾ ಮಾಸ್ತರ ಮನಿಗೆ ಓಡಿದೆ.

ಅವರು ಅರ್ಜಿ ಬರದು ಕೊಡ್ತಾರಂತ ತಿಳ್ಕೊಂಡಿದ್ದೆ, ಪೆನ್ನು ನನ್ನ ಕೈಯಾಗ ಕೊಟ್ರು. ಮೂರು ಸಲ ಹರದು ಮತ್ತ ಬರಿಸಿದ್ರು, ಸುಳ್ಯಾಕ ಹೇಳ್ಲಿ, ಅವತ್ತ ಭಾಳ ಸಿಟ್ಟು ಬಂದಿತ್ತು. ತಿದ್ದುಪಡಿ ಆಗಾಕ ಆರು ತಿಂಗಳ ಹಿಡೀತು, ಅಜ್ಜನ ಚಪ್ಪಲಿ ಸವದ್ವು, ಆದ್ರ ಆತು.

ಅಜ್ಜ ಒಂದು ಚೀಲ ಬಿಳಿಜ್ವಾಳ ಹೊತ್ಕೊಂಡು ಮಾಸ್ತರ ಮನಿಗೆ ಹೋದ. "ಅರ್ಜಿ ಬರದಾಕಿ ನಿಮ್ಮನ್ಯಾಗ ಅದಾಳ್ರಿ ಯಜಮಾನ್ರ, ಆಕಿಗೆ ರೊಟ್ಟಿ ಬಡದು ಹಾಕ್ರಿ" ಅಂತ ವಾಪಸ್ ಕಳಿಸಿದ್ರಂತ.

ಆಲಮಟ್ಟಿ ಡ್ಯಾಮು ತುಂಬಿ, ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರಕ್ಕ ನೀರು ನಿಂತಾಗ ನಮ್ಮ ಶಾಲಿ ಜಾಗ ಕಾಣೂದಿಲ್ಲ, ಬ್ಯಾಸಗ್ಯಾಗ ಇಳದ್ರ ಧ್ವಜದ ಕಟ್ಟಿ ಮ್ಯಾಲೇಳತೈತಿ. ಹೋದ ವರ್ಷ ಹೋಗಿದ್ದೆ. ಕಟ್ಟಿಯಿಂದ ಹಿಂದಿನ ಹೊಲಕ್ಕ ಹೆಜ್ಜಿ ಎಣಿಸ್ಕೋತ ನಡದೆ, 33 ಅಡಿಗೆ ನನ್ನ ಹೆಜ್ಜಿ ಹದಿಮೂರಾದ್ವು.