ಬೇಸಿಗೆಯ ನೆಲವನ್ನು ನಂಬಬೇಡಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ವಿಷಯ.

ನಮ್ಮ ಕಡೆ ಮನೆ ಕೆಲಸ ಅಂದರೆ ಎಲ್ಲರದ್ದೂ ಒಂದೇ ಮಾತು. ಮಳೆ ಹಿಡಿಯುವುದರೊಳಗೆ ಮುಗಿಸಿಬಿಡಿ ಅಂತ. ಹಂಚು ಕೈಯಾಡಿಸುವುದಕ್ಕೆ ಆ ಮಾತು ಸರಿ. ಗೋಡೆಗೆ ಬಣ್ಣ ಹೊಡೆಯುವುದಕ್ಕೂ ಸರಿ. ಆದರೆ ಮಣ್ಣಿನೊಳಗೆ ಅರ್ಧ ಹೂತಿರುವ ರೂಮಿಗೆ ಟೈಲ್ಸ್ ಹಾಕುವುದಾದರೆ ಆ ಮಾತು ಕೇಳಬೇಡಿ. ಒಂದು ಮಳೆಗಾಲ ಆ ನೆಲವನ್ನು ಸುಮ್ನೆ ಬರಿದಾಗಿ ಬಿಡಿ. ಯಾಕೆ ಅಂತ ಹೇಳ್ತೇನೆ.

ನಮ್ಮ ಮನೆ ಶಿರಸಿಯಲ್ಲಿ, ಇಳಿಜಾರಿನಲ್ಲಿದೆ. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು. ಹಿಂದಿನಿಂದ ಇಳಿದು ಬಂದರೆ ಕೆಳಗೊಂದು ರೂಮು. ಅದರ ಒಂದು ಗೋಡೆಯ ಆಚೆ ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ. ಕರಾವಳಿಯವರು ಇಂಥ ಸಾಹಸಕ್ಕೆ ಹೋಗುವುದು ಕಡಿಮೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಹತ್ತಿರ ಮಳೆ. ಸಮುದ್ರದ ಬದಿಯ ಬಾವಿಗಳಲ್ಲಿ ಜುಲೈ ಹೊತ್ತಿಗೆ ನೀರು ಬಗ್ಗಿದರೆ ಸಿಗುವಷ್ಟು ಮೇಲಿರುತ್ತದೆ. ಅಲ್ಲಿ ನೆಲದಡಿ ರೂಮು ಕಟ್ಟಿದರೆ ಎರಡನೇ ಬಾವಿ ತೋಡಿದ ಹಾಗೆ. ಘಟ್ಟದ ಮೇಲಿನ ನಾವು ಮಾತ್ರ ಧರೆ ಕಡಿದು ಕಟ್ಟುತ್ತೇವೆ, ಆಮೇಲೆ ನೀರು ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಳ್ಳುತ್ತೇವೆ.

2020ರ ಲಾಕ್‌ಡೌನ್‌ನಲ್ಲಿ ಆ ರೂಮೇ ನನ್ನ ಆಫೀಸಾಯಿತು. ನೆಲ ತಣ್ಣಗೆ ಕೊರೆಯುತ್ತದೆ ಅಂತ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಅಂಟಿಸಿದೆ. ಆಯಿ ಬಾಗಿಲಲ್ಲಿ ನಿಂತು ನೋಡಿ, "ತಮಾ, ಬೆವರೋ ನೆಲಕ್ಕೆ ಕಂಬಳಿ ಹೊದೆಸಡ" ಅಂದಿದ್ದರು. ನಾನು ನಕ್ಕೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಮುಗ್ಗುಲು ವಾಸನೆ ಮೆಟ್ಟಿಲು ಹತ್ತಿ ಅಡುಗೆಮನೆಗೆ ಬಂತು.

2024ರ ಫೆಬ್ರವರಿಯಲ್ಲಿ ಕಾರ್ಪೆಟ್ ಕಿತ್ತೆವು. ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಅಂದರೆ ಮನೆ ತುಂಬ ನೆಂಟರು, ನಿಮಗೇ ಗೊತ್ತಲ್ವಾ. ಗೌಂಡಿ ನೆಲ ಮುಟ್ಟಿ ನೋಡಿ, "ಒಣಾ ಇದೆ, ಜಾತ್ರೆ ಒಳಗೆ ಮುಗಿಸಿ ಕೊಡ್ತೇನೆ" ಅಂದ. ನಾನೂ ಮುಟ್ಟಿ ನೋಡಿದೆ. ಒಣಗಿಯೇ ಇತ್ತು. ಫೆಬ್ರವರಿಯಲ್ಲಿ ಯಾವ ನೆಲ ಒಣಗಿರುವುದಿಲ್ಲ ಹೇಳಿ! ಎರಡಡಿಗೆ ಎರಡಡಿಯ ವಿಟ್ರಿಫೈಡ್ ಟೈಲ್ಸ್, ಕೆಳಗೆ ಸಿಮೆಂಟ್. ನಾಲ್ಕು ದಿನದಲ್ಲಿ ರೂಮು ಫಳಫಳ.

ಜುಲೈಯಲ್ಲಿ ಧರೆ ಬದಿಯ ಸಂದುಗಳಲ್ಲಿ ಬಿಳಿ ಪುಡಿ ಎದ್ದಿತು. ನೆಲದೊಳಗಿನ ನೀರು ಸಿಮೆಂಟಿನ ಉಪ್ಪನ್ನು ಕರಗಿಸಿಕೊಂಡು ಮೇಲೆ ಬರುತ್ತದೆ, ನೀರು ಆರಿ ಉಪ್ಪು ಉಳಿಯುತ್ತದೆ. ಅದೇ ಈ ಪುಡಿ. ಕಾಲಿಟ್ಟರೆ ಟೊಳ್ಳು ಸದ್ದು. ಒಂದು ಟೈಲ್ ಎಬ್ಬಿಸಿದೆ. ಉಳಿ ಬೇಕಾಗಲಿಲ್ಲ, ಬೆರಳೇ ಸಾಕಾಯಿತು. ಹಿಂಬದಿ ತೊಳೆದ ಬಟ್ಟಲಿನಷ್ಟು ಸ್ವಚ್ಛ. ವಿಟ್ರಿಫೈಡ್ ಟೈಲ್ ನೀರು ಕುಡಿಯುವುದು ಶೇಕಡಾ ಅರ್ಧಕ್ಕಿಂತ ಕಡಿಮೆ, ಹಾಗಾಗಿ ಬರೀ ಸಿಮೆಂಟ್ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಪಕ್ಕದ್ದು ಸಿಮೆಂಟಿನ ಸಮೇತ ಎದ್ದಿತು. ಅದರಡಿ ಹಳದಿ ಅಂಟು ಹಾಗೇ ಇತ್ತು, ಅಂಟಿನಲ್ಲಿ ಕಾರ್ಪೆಟ್ಟಿನ ಕಂದು ಜುಂಗು ಕೂಡ. ತಪ್ಪು ಗೌಂಡಿಯದ್ದು ಮಾತ್ರ ಅಲ್ಲ. ಅವಸರ ನನ್ನದು.

ಎಲ್ಲಾ ಕಿತ್ತು ಹಾಕಿ ನೆಲವನ್ನು ಬರಿದಾಗಿ ಬಿಟ್ಟೆ. ಅಡಿಕೆ ಕೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಲು ತಂದ ಪ್ಲಾಸ್ಟಿಕ್ ಮಿಕ್ಕಿತ್ತು. ಒಂದೂವರೆ ಅಡಿ ಚೌಕದ ಮೂರು ತುಂಡು ಮಾಡಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿದೆ. ಒಂದು ಧರೆ ಬದಿಗೆ, ಒಂದು ನಡುವೆ, ಒಂದು ಬಾಗಿಲ ಹತ್ತಿರ. ಒಂದು ಇಡೀ ದಿನ ಬಿಟ್ಟು ನೋಡಿದೆ. ಬಾಗಿಲ ಬಳಿ ಏನೂ ಇಲ್ಲ. ನಡುವಿನ ತುಂಡಿನ ಮೇಲೆ ತೇವ, ಕೆಳಗೆ ಒಣ. ಅಂದರೆ ಅದು ಗಾಳಿಯ ತೇವ, ತಣ್ಣನೆ ನೆಲಕ್ಕೆ ತಾಗಿ ಬೆವರಿದ್ದು. ಕಿಟಕಿ ತೆಗೆದಿಟ್ಟರೆ ಜಾಸ್ತಿಯೇ ಆಗುತ್ತದೆ, ಮಳೆಗಾಲದ ಗಾಳಿ ಅಂಥದ್ದು. ಧರೆ ಬದಿಯ ತುಂಡಿನ ಅಡಿಯಲ್ಲಿ ಮಾತ್ರ ಹನಿ ಸಾಲುಗಟ್ಟಿತ್ತು, ನೆಲ ಕಪ್ಪಾಗಿತ್ತು. ಅದು ಕೆಳಗಿನ ನೀರು.

ಕೊಡೆ ಹಿಡಿದು ಹೊರಗೆ ಹೋದೆ. ಗೋಡೆಗೂ ಧರೆಗೂ ನಡುವಿನ ಗಟಾರದಲ್ಲಿ ಕುಸಿದ ಮಣ್ಣು ತುಂಬಿ, ಗಟಾರದ ತಳ ರೂಮಿನ ನೆಲಕ್ಕಿಂತ ಒಂದು ಗೇಣು ಮೇಲೆ ಬಂದಿತ್ತು. ಅದಕ್ಕೇ ಸೂರಿನ ನೀರೂ ಬೀಳುತ್ತಿತ್ತು. ನೆಲದೊಳಗೆ ನೀರು ಬರದೆ ಇನ್ನೇನು? ಮಣ್ಣು ತೆಗೆಸಿ ನೆಲಕ್ಕಿಂತ ಕೆಳಗಿನವರೆಗೆ ತೋಡಿಸಿದೆ, ಸೂರಿನ ನೀರನ್ನು ಪೈಪಿನಲ್ಲಿ ಆಚೆ ಬಿಟ್ಟೆ. ಎರಡು ವಾರದ ಮೇಲೆ, ಮಳೆ ಹೊಯ್ಯುತ್ತಿರುವಾಗಲೇ ಮತ್ತೆ ಪ್ಲಾಸ್ಟಿಕ್ ಅಂಟಿಸಿದೆ. ಅಡಿ ಒಣಗಿತ್ತು. ಬೇಸಿಗೆಯಲ್ಲಿ ಈ ಪರೀಕ್ಷೆ ಮಾಡಿದ್ದರೆ ಮೂರೂ ತುಂಡು ಒಣಗಿಯೇ ಇರುತ್ತಿದ್ದವು, ನಾನು ಮತ್ತೆ ಮೋಸ ಹೋಗುತ್ತಿದ್ದೆ.

ಆಮೇಲೆ ಕಾರ್ಪೆಟ್ಟಿನ ಹಳೆ ಅಂಟು. ಥಿನ್ನರ್, ಸೀಮೆಎಣ್ಣೆ ಸುರಿದರೆ ಬೇಗ ಹೋಗುತ್ತದೆ ಅನ್ನುತ್ತಾರೆ. ಹೋಗುವುದು ಕಾಂಕ್ರೀಟಿನೊಳಕ್ಕೆ! ಕೆರೆದೇ ತೆಗೆಯಬೇಕು. ಉಳಿದದ್ದಕ್ಕೆ ಗ್ರೈಂಡರ್, ಮುಖಕ್ಕೆ ಒಳ್ಳೆಯ ಮಾಸ್ಕ್. ಕಾಂಕ್ರೀಟಿನ ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಎಲ್ಲಾ ಆಯಿತು ಅನ್ನಿಸಿದ ಮೇಲೆ ಒಂದು ಚಮಚ ನೀರು ಹಾಕಿ ನೋಡಿ. ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡಗೆ ನಿಂತರೆ ಅಂಟು ಇನ್ನೂ ಇದೆ. ನೆಲ ನೀರನ್ನು ಎಳೆದುಕೊಂಡರೆ ಟೈಲ್ಸಿನ ಅಂಟನ್ನೂ ಹಿಡಿಯುತ್ತದೆ.

ಮಟ್ಟದ ವಿಷಯದಲ್ಲಿ ಕಣ್ಣನ್ನು ನಂಬಬೇಡಿ. ಹತ್ತಡಿಯ ಅಲ್ಯೂಮಿನಿಯಂ ಪಟ್ಟಿ ಇಟ್ಟರೆ ಎರಡಡಿಯ ಟೈಲ್ಸಿಗೆ ಎಲ್ಲೂ 3 ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಕಾಣಬಾರದು. ಉಬ್ಬು ಉಜ್ಜಿಸಿ, ತಗ್ಗು ತುಂಬಿಸಿ. ಟೈಲ್ಸಿನ ಅಂಟಿಗೆ ಐಎಸ್ 15477 ಅಂತ ಮಾನಕ ಇದೆ, ಚೀಲದ ಮೇಲೆ ಅದು ಇದೆಯಾ, ಯಾವ ಟೈಪು ಅಂತ ನೋಡಿ ತಗೊಳ್ಳಿ.

ದೀಪಾವಳಿ ಕಳೆದ ಮೇಲೆ ಹಾಕಿಸಿದೆವು, ಅದೇ ಗೌಂಡಿಯ ಕೈಯಲ್ಲಿ. ಮುಂದಿನ ಮಳೆಗಾಲದಲ್ಲಿ ಅವನೇ ಒಂದು ದಿನ ಬಂದು, ಕೀಲಿಕೈಯಿಂದ ಒಂದೊಂದೇ ಟೈಲ್ ತಟ್ಟಿ ಸದ್ದು ಕೇಳಿ ಹೋದ. ಆಯಿ ಅವನಿಗೆ ಚಾ ಕೊಟ್ಟರು, ನನಗೇನೂ ಹೇಳಲಿಲ್ಲ.

ಸರಿ, ಇವತ್ತಿಗೆ ಇಷ್ಟು. ನಿನ್ನೆಯ ಮಳೆಗೆ ಧರೆ ಮತ್ತೆ ಸ್ವಲ್ಪ ಜಾರಿದೆ, ಗಟಾರದ ಮಣ್ಣು ತೆಗೆಯಬೇಕು. ಗುದ್ದಲಿ ಎಲ್ಲಿಟ್ಟಿದ್ದೇನೋ.