ಸೊಳ್ಳೆ, ಇನ್ಹೇಲರ್, ಮತ್ತೆ ನನ್ನ ಮೊದಲನೇ ಹೆಲ್ತ್ ಇನ್ಶೂರೆನ್ಸ್

ಈ ಕ್ಲಿಪ್ 2025 ಜುಲೈದು. ಫ್ರೇಮಲ್ಲಿ ಬರೀ ಆಟೋ ಸೀಟು ಕಾಣ್ತಿದೆ ಯಾಕಂದ್ರೆ ವಿಡಿಯೋ ಮಾಡೋ ಸ್ಥಿತಿಲಿ ಯಾರೂ ಇರ್ಲಿಲ್ಲ, ಫೋನ್ ತಾನಾಗೇ ಆನ್ ಆಗಿತ್ತು. ನಮ್ಮ ರೂಮ್‌ಮೇಟ್‌ಗೆ ಮೂರು ದಿನದಿಂದ ಜ್ವರ, ಕಣ್ಣುಗುಡ್ಡೆ ಹಿಂದೆ ನೋವು ಅಂತಿದ್ಲು, ಪಿಜಿ ಆಂಟಿ ಕಷಾಯ ಮಾಡ್ಕೊಟ್ರು, ನಾವು ಮಾತ್ರೆ ಕೊಟ್ವಿ, ಕೊನೆಗೆ ನೋಡಿದ್ರೆ ಡೆಂಗ್ಯೂ.

ಆಸ್ಪತ್ರೆ ಕೌಂಟರಲ್ಲಿ ಮೊದಲನೇ ಪ್ರಶ್ನೆನೇ 'ಇನ್ಶೂರೆನ್ಸಾ, ಕ್ಯಾಶಾ?' ಅಂತ. ಇವಳು ಭಾರಿ ಧೈರ್ಯದಿಂದ ಕಾಲೇಜ್ ಐಡಿ ತೆಗೆದ್ಲು, ಯಾಕಂದ್ರೆ ಫೀಸ್ ರಸೀದಿಲಿ ವರ್ಷ ವರ್ಷ 'ಇನ್ಶೂರೆನ್ಸ್' ಅಂತ ಒಂದು ಸಾಲು ಇರುತ್ತಲ್ಲ. ಅದು ಆಕ್ಸಿಡೆಂಟ್ ಪಾಲಿಸಿ ಅಂತೆ. ಬಸ್ಸಿಂದ ಬಿದ್ರೆ ಕೊಡ್ತಾರೆ, ಸೊಳ್ಳೆ ಕಚ್ಚಿದ್ರೆ ಕೊಡಲ್ಲ. ಅವತ್ತು ರಾತ್ರಿ ನಾವು ನಾಲ್ಕು ಜನ ಫೋನ್‌ಪೇಲಿ ಇದ್ದಿದ್ದನ್ನೆಲ್ಲ ಒಟ್ಟು ಹಾಕಿ ಅಡ್ವಾನ್ಸ್ ಕಟ್ಟಿದ್ವಿ. ಈಗ ಆರಾಮಾಗಿದಾಳೆ, ಹಿಂದೆ ಮ್ಯಾಗಿ ತಿಂತಿರೋ ಸೌಂಡ್ ಅವಳದೇ.

ಅವಳನ್ನ ನೋಡಿದ್ಮೇಲೆ ನಂಗೆ ಭಯ ಹತ್ಕೊಳ್ತು. ಆಗಸ್ಟಲ್ಲಿ ಕೂತು ಎಲ್ಲಾ ಆ್ಯಪಲ್ಲೂ ಹುಡುಕ್ದೆ, ಕಮ್ಮಿ ರೇಟಿಂದು ಒಂದು ಸಿಕ್ತು, 2 ಲಕ್ಷದ ಕವರ್, ಅಂದ್ರೆ ವರ್ಷಕ್ಕೆ ಹೆಚ್ಚಂದ್ರೆ ಅಷ್ಟು ಕೊಡ್ತಾರೆ, ತಗೊಂಡೇಬಿಡೋಣ ಅಂತಿದ್ದೆ. ಆಗ ಸೀನಿಯರ್ ಒಬ್ರು ಆಸ್ಪತ್ರೆ ರೂಮ್ ರೆಂಟ್‌ಗೆ ಎಷ್ಟು ಲಿಮಿಟ್ ಇದೆ ನೋಡು ಅಂದ್ರು. ಇದು ನೋಡಿ, ಝೂಮ್ ಮಾಡ್ತೀನಿ, ದಿನಕ್ಕೆ ಕವರ್‌ನ 1 ಪರ್ಸೆಂಟ್, ಅಂದ್ರೆ 2000 ರೂಪಾಯಿ. ಸರಿ, 4000ದ ರೂಮ್ ತಗೊಂಡ್ರೆ ಮಿಕ್ಕಿದ 2000 ನಾವೇ ಕೊಟ್ರಾಯ್ತು ಅನ್ಕೊಂಡಿದ್ದೆ ನಾನು. ಹಂಗಲ್ಲ! ರೂಮ್ ಬಾಡಿಗೆ ಲಿಮಿಟ್‌ಗಿಂತ ಡಬಲ್ ಆದ್ರೆ ಡಾಕ್ಟರ್ ಫೀಸು, ನರ್ಸಿಂಗು, ಆಪರೇಷನ್ ಥಿಯೇಟರ್ ಚಾರ್ಜು ಇವಕ್ಕೂ ಅರ್ಧ ಅರ್ಧಕ್ಕೆ ಕತ್ತರಿ ಬೀಳುತ್ತೆ. ಔಷಧಿ ಬಿಲ್ಲು, ಟೆಸ್ಟ್ ಬಿಲ್ಲು ಮಾತ್ರ ಬಚಾವ್. ಓದಿ ನನ್ನ ತಲೆ ಗಿರ್ರಂತು, ಲ್ಯಾಪ್‌ಟಾಪ್ ಮುಚ್ಚಿಟ್ಟು ಮಲಗ್ದೆ.

ದಸರಾ ರಜೆಗೆ ಅರಸೀಕೆರೆ ಹತ್ರ ನಮ್ಮೂರಿಗೆ ಹೋದೆ. ಇದು ನಮ್ಮ ಟಿಲ್ಲರ್ ಪೂಜೆ, ಇದು ಅಪ್ಪ, ಕ್ಯಾಮೆರಾ ಕಂಡ್ರೆ ಆ ಕಡೆ ತಿರುಗ್ತಾರೆ. ಇನ್ಶೂರೆನ್ಸ್ ಅಂದಿದ್ಕೆ 'ಕಾರ್ಡ್ ಐತಲ್ಲ ಪುಟ್ಟಿ, ಬೀರುಲಿ ಪಹಣಿ ಜೊತೆ' ಅಂದ್ರು. ಯಶಸ್ವಿನಿ ಕಾರ್ಡು, ಸಹಕಾರ ಸಂಘದ ಮೆಂಬರ್‌ಗಳಿಗೆ ಇರೋ ಸರ್ಕಾರದ ಆರೋಗ್ಯ ಯೋಜನೆದು! ಅಪ್ಪ ಡೈರಿಗೆ ಹಾಲು ಹಾಕ್ತಾರೆ, ಸಂಘದ ಮೆಂಬರು, ಹಳ್ಳಿ ಕಡೆ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದ ತನಕ ಚಿಕಿತ್ಸೆ, ಅದರಲ್ಲಿ ನನ್ನ ಹೆಸರೂ ಇದೆ. ಬೆಂಗಳೂರಲ್ಲಿ ಕೂತು ಜಗತ್ತೆಲ್ಲ ಗೂಗಲ್ ಮಾಡಿದವಳಿಗೆ ನಮ್ಮನೆ ಬೀರು ಗೊತ್ತಿರ್ಲಿಲ್ಲ. ಆದ್ರೆ ಅದು ಪಟ್ಟಿಲಿರೋ ಚಿಕಿತ್ಸೆಗೆ, ನೆಟ್‌ವರ್ಕ್ ಆಸ್ಪತ್ರೆಲಿ, ಅಂದ್ರೆ ಯೋಜನೆ ಜೊತೆ ಒಪ್ಪಂದ ಇರೋ ಆಸ್ಪತ್ರೆಲಿ ಮಾತ್ರ. ಸರ್ಕಾರದ್ದೇ ಇನ್ನೊಂದು ಯೋಜನೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕನೂ ನೋಡ್ದೆ, ಬಿಪಿಎಲ್ ಕಾರ್ಡ್ ಇದ್ರೆ ವರ್ಷಕ್ಕೆ 5 ಲಕ್ಷ, ನಮ್ದು ಎಪಿಎಲ್, ಚಿಕಿತ್ಸೆಗೆ ಸರ್ಕಾರ ಫಿಕ್ಸ್ ಮಾಡಿರೋ ಪ್ಯಾಕೇಜ್ ರೇಟಲ್ಲಿ 30 ಪರ್ಸೆಂಟ್ ಮಾತ್ರ ಕೊಡ್ತಾರೆ. ಹಾಗಾಗಿ ಜೊತೆಗೆ ನಂದೇ ಒಂದು ಇರ್ಲಿ ಅನ್ನಿಸ್ತು. ಅಪ್ಪ ಅಮ್ಮನ್ನ ಸೇರಿಸಿ ಫ್ಯಾಮಿಲಿ ಫ್ಲೋಟರ್, ಅಂದ್ರೆ ಮನೆಯೋರೆಲ್ಲ ಹಂಚ್ಕೊಳ್ಳೋ ಒಂದೇ ಪಾಲಿಸಿ, ಕೇಳಿದ್ರೆ ಮನೆಲಿ ದೊಡ್ಡೋರ ವಯಸ್ಸು ನೋಡಿ ಪ್ರೀಮಿಯಂ ಹಾಕ್ತಾರೆ, ಅಪ್ಪಂಗೆ ಶುಗರ್ ಬೇರೆ, ಅದು ಸದ್ಯಕ್ಕೆ ನಮ್ಮ ಕೈಗೆ ಎಟುಕಲ್ಲ.

ಅಷ್ಟೊತ್ತಿಗೆ ಊರಿನ ಏಜೆಂಟ್ ಮಾವ ಬಂದ್ರು. 20 ವರ್ಷ ಕಟ್ಟು, ಮದುವೆ ಖರ್ಚಿಗೆ ಆಗುತ್ತೆ ಅಂತ ಏನೋ ಶುರು ಮಾಡಿದ್ರು. ಮಾವ, ನಾಳೆ ಜ್ವರ ಬಂದ್ರೆ ಆಗೋದು ಬೇಕು ಅಂದೆ.

ಕೊನೆಗೆ ಆರಿಸಿದ್ದು ಆರೋಗ್ಯ ಸಂಜೀವನಿ, 5 ಲಕ್ಷಕ್ಕೆ. ಇದು ಒಂದೇ ಕಂಪನಿದಲ್ಲ, 2020ರಲ್ಲಿ ಐಆರ್‌ಡಿಎಐ, ಅಂದ್ರೆ ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಸರ್ಕಾರಿ ಸಂಸ್ಥೆ, ಹೆಲ್ತ್ ಇನ್ಶೂರೆನ್ಸ್ ಮಾರೋ ಎಲ್ಲಾ ಕಂಪನಿಗೂ ಇದೇ ರೂಲ್ಸಲ್ಲಿ ಮಾರಿ ಅಂದಿದ್ದು, ಸಾಮಾನು ಒಂದೇ, ಅಂಗಡಿ ಬೇರೆ, ರೇಟೂ ಬೇರೆ, ನಮ್ಮಂಥೋರಿಗೆ ಹೋಲಿಸೋಕೆ ಸುಲಭ. ರೂಮ್ ಲಿಮಿಟ್ ದಿನಕ್ಕೆ 5000, ಪ್ರತಿ ಕ್ಲೇಮಲ್ಲೂ 5 ಪರ್ಸೆಂಟ್ ನಾವು ಕೊಡ್ಬೇಕು. ಬೆಸ್ಟ್ ಅಂತ ಹೇಳಲ್ಲ, ನನ್ನ ಬಜೆಟ್‌ಗೆ ಓಕೆ. ಆಗಸ್ಟ್ ಸ್ಕ್ರೀನ್‌ಶಾಟಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಇದೆ ನೋಡಿ, ಸೆಪ್ಟೆಂಬರ್ 22ರಿಂದ ಅದನ್ನ ತೆಗೆದ್ರು, ಸೋಮಾರಿತನದಿಂದ ನಂಗೆ ಲಾಭ ಆಗಿದ್ದು ಇದೊಂದೇ ಸಲ.

ಫಾರ್ಮಲ್ಲಿ ಒಂದು ಪ್ರಶ್ನೆ ಹತ್ರ ಮಾತ್ರ ಅರ್ಧ ಗಂಟೆ ನಿಂತೆ. ಉಬ್ಬಸ ಇದ್ಯಾ? ಈ ನೀಲಿ ಇನ್ಹೇಲರ್ ಐದನೇ ಕ್ಲಾಸಿಂದ ಬ್ಯಾಗಲ್ಲಿದೆ, ಚಳಿಗಾಲದಲ್ಲಿ ಈಗ್ಲೂ ಬೇಕು. ಮಾವ ಹೇಳಿದ್ರು, 'ಅದನ್ನೆಲ್ಲ ಯಾಕ್ ಬರೀತೀಯಮ್ಮ, ರೇಟ್ ಜಾಸ್ತಿ ಮಾಡ್ತಾರೆ.' ಬರೀದೇ ಇದ್ದು ನಾಳೆ ಉಸಿರು ಕಟ್ಟಿ ಅಡ್ಮಿಟ್ ಆದೆ ಅನ್ಕೊಳಿ, ಡಾಕ್ಟರ್ ಹಳೇ ಚೀಟಿಲಿ ಎಲ್ಲಾ ಇರುತ್ತೆ, ಕ್ಲೇಮ್ ರಿಜೆಕ್ಟ್ ಮಾಡ್ತಾರೆ, ಕಟ್ಟಿದ್ದೂ ಹೋಯ್ತು. ಬರೆದ್ರೆ ಉಬ್ಬಸದ ಕ್ಲೇಮ್‌ಗೆ ಮಾತ್ರ ಕಾಯ್ಬೇಕು, ಈಗಿನ ರೂಲಲ್ಲಿ ಹೆಚ್ಚಂದ್ರೆ 3 ವರ್ಷ. ಡಿಗ್ರಿ ಮುಗಿದು ಕೆಲ್ಸ ಹುಡುಕೋಷ್ಟರಲ್ಲಿ ಕಳೆದೋಗುತ್ತೆ. ಹೌದು ಅಂತ ಟಿಕ್ ಹಾಕ್ದೆ. ಪ್ರೀಮಿಯಂ ಏರ್ತು, ಅಪ್ಪ ಕೊಬ್ಬರಿ ದುಡ್ಡಲ್ಲಿ ಮಾತಾಡ್ದೆ ಕಟ್ಟಿದ್ರು.

ಇಲ್ಲಿ ಎರಡು 30 ಇದಾವೆ, ಕನ್‌ಫ್ಯೂಸ್ ಆಗ್ಬೇಡಿ. ಪಾಲಿಸಿ ಕೈಗೆ ಬಂದ್ಮೇಲೆ ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಕೊಡೋಕೆ 30 ದಿನ. ಇನ್ನೊಂದು, ಶುರುವಿನ 30 ದಿನ ಆಕ್ಸಿಡೆಂಟ್ ಬಿಟ್ರೆ ಯಾವ ಕಾಯಿಲೆಗೂ ಕ್ಲೇಮ್ ಇಲ್ಲ, ಡೆಂಗ್ಯೂಗೂ ಸೇರಿ. ಇವತ್ತು ನಂದು ಹನ್ನೆರಡನೇ ದಿನ. ಅದಕ್ಕೇ ಈ ಸೊಳ್ಳೆ ಪರದೆ, ಮಂಚಕ್ಕೆ ನಾಲ್ಕೂ ಕಡೆ ಹಗ್ಗ ಕಟ್ಟಿ, ಒಳಗಡೆಯಿಂದ್ಲೇ ಈ ವಾಯ್ಸ್‌ಓವರ್ ರೆಕಾರ್ಡ್ ಮಾಡ್ತಿದೀನಿ.

ಮ್ಯಾಗಿ ಹುಡುಗಿ ಈಗ ಹೇಳ್ತಿದಾಳೆ, ಡೆಂಗ್ಯೂ ಸೊಳ್ಳೆ ಜಾಸ್ತಿ ಕಚ್ಚೋದು ಹಗಲೊತ್ತು ಕಣೇ, ಬಾತ್‌ರೂಮಲ್ಲಿ ನೀನೇ ತುಂಬಿಟ್ಟಿರೋ ಬಕೆಟ್ ಮೂರು ದಿನದಿಂದ ಹಾಗೇ ಇದೆ ಅಂತ. ಒಂದ್ನಿಮಿಷ, ಚೆಲ್ಲಿ ಬರ್ತೀನಿ.